ಕರುಳಿನ ಬೇನೆಗೆ ರಕ್ತದ ಸಾಕ್ಷಿ

ಮಡಗಾಂವ್: ‘ಉಷ್ಣ ಆಗೈತಿ, ಮಜ್ಜಿಗಿ ಕುಡಿ’, ‘ಮೂಲವ್ಯಾಧಿ ಇರಬೇಕು ಬಿಡು’. ಹೊಟ್ಟೆನೋವು, ಭೇದಿ ಶುರುವಾದರೆ ದುಡಿಯಲು ಗೋವಾಕ್ಕೆ ಬಂದ ಕನ್ನಡಿಗರ ಮನೆಗಳಲ್ಲಿ ಕೇಳಿಬರುವ ಮಾತುಗಳಿವು. ಎರಡು ದಿನದ ಭೇದಿಗೆ ಇಷ್ಟು ಸಾಕಾದೀತು. ಆದರೆ ನಾಲ್ಕು ವಾರ ದಾಟಿದರೂ ಭೇದಿ ನಿಲ್ಲದೆ, ಮಲದಲ್ಲಿ ರಕ್ತ ಕಂಡು, ತೂಕವೂ ಇಳಿಯುತ್ತಿದ್ದರೆ ಅದು ಕರುಳಿನ ಉರಿಯೂತದ ಕಾಯಿಲೆ ಇರಬಹುದು.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ‘ಕ್ರೋನ್ಸ್’ ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದು. ‘ಅಲ್ಸರೇಟಿವ್ ಕೊಲೈಟಿಸ್’ ದೊಡ್ಡ ಕರುಳಿನ ಒಳಪದರವನ್ನು ಹಿಡಿಯುತ್ತದೆ. ಎರಡೂ ಹೆಚ್ಚಾಗಿ ದುಡಿಯುವ ವಯಸ್ಸಿನಲ್ಲೇ ತಲೆ ಹಾಕುತ್ತವೆ.

ಏನಿದು ಸಿಆರ್‌ಪಿ?

ಇಂಥ ರೋಗಿಗೆ ವೈದ್ಯರು ಬರೆದುಕೊಡುವ ರಕ್ತಪರೀಕ್ಷೆಗಳಲ್ಲಿ ‘ಸಿಆರ್‌ಪಿ’ ಒಂದು. ದೇಹದಲ್ಲಿ ಎಲ್ಲೇ ಉರಿಯೂತವಾಗಲಿ, ಯಕೃತ್ತು ಈ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಮೊದಲು ಕಂಡರು. ಉರಿಯೂತ ತಣ್ಣಗಾದರೆ ಸುಮಾರು 19 ಗಂಟೆಗೊಮ್ಮೆ ಇದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಔಷಧಿ ನಾಟಿದೆಯೋ ಇಲ್ಲವೋ ಎಂಬುದು ಬೇಗ ತಿಳಿಯುತ್ತದೆ. ಇನ್ನೊಂದು ಪ್ರೋಟೀನ್ ಅಲ್ಬುಮಿನ್. ರೋಗ ಜೋರಾದಾಗ ಅದು ಕುಸಿಯುತ್ತದೆ.

ಚೀಟಿ ಒಂದೇ ಸಾಲದು

ಸಿಆರ್‌ಪಿ ಏರಿದೆ ಎಂದ ಮಾತ್ರಕ್ಕೆ ಕರುಳಿನ ರೋಗವೇ ಎನ್ನುವಂತಿಲ್ಲ. ಟೈಫಾಯ್ಡ್, ಕ್ಷಯದಲ್ಲೂ ಏರುತ್ತದೆ. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ರೋಗವಿದ್ದೂ ಹಲವರಿಗೆ ಸಿಆರ್‌ಪಿ ಏರುವುದೇ ಇಲ್ಲ. ಆಗ ಮಲದಲ್ಲಿನ ‘ಕ್ಯಾಲ್‌ಪ್ರೊಟೆಕ್ಟಿನ್’ ಎಂಬ ಪ್ರೋಟೀನ್ ಪರೀಕ್ಷೆ ನೆರವಿಗೆ ಬರುತ್ತದೆ. ಕೊನೆಯ ತೀರ್ಮಾನಕ್ಕೆ ಕೊಲೊನೊಸ್ಕೋಪಿ ಮಾಡಿ, ಕರುಳಿನ ಚೂರು ತೆಗೆದು ನೋಡಲೇಬೇಕು.

ನಮ್ಮ ದೇಶದಲ್ಲಿ ಇದು ಇನ್ನೂ ಮುಖ್ಯ. ಕರುಳಿನ ಕ್ಷಯ ಮತ್ತು ಕ್ರೋನ್ಸ್ ನೋಡಲು ಒಂದೇ ಥರ. ಕ್ರೋನ್ಸ್ ಎಂದು ತಿಳಿದು ಸ್ಟೀರಾಯ್ಡ್ ಕೊಟ್ಟರೆ ಅಡಗಿದ್ದ ಕ್ಷಯ ಕೆರಳುತ್ತದೆ!

ಎರಡೂರಿನ ಲೆಕ್ಕ

ಮಡಗಾಂವ್‌ನಲ್ಲಿ ಒಂದು ಸಲ, ಊರಿಗೆ ಹೋದಾಗ ಹುಬ್ಬಳ್ಳಿಯಲ್ಲಿ ಇನ್ನೊಂದು ಸಲ ರಕ್ತ ಕೊಡುವವರು ಒಂದು ಸಂಗತಿ ಗಮನಿಸಬೇಕು. ಕೆಲವು ಲ್ಯಾಬ್‌ಗಳು ಸಿಆರ್‌ಪಿಯನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆದರೆ, ಕೆಲವು ಡೆಸಿಲೀಟರಿಗೆ ಬರೆಯುತ್ತವೆ. ಡೆಸಿಲೀಟರಿಗೆ 4 ಎಂದರೆ ಲೀಟರಿಗೆ 40! ಮೊದಲಿನ ಚೀಟಿಯಲ್ಲಿ 40, ಈಗಿನದರಲ್ಲಿ 4 ಎಂದು ‘ಆರಾಮ ಆತು’ ಅಂದುಕೊಂಡು ಮಾತ್ರೆ ಬಿಟ್ಟರೆ ಕೆಟ್ಟಿತು. ಸಂಖ್ಯೆಯ ಪಕ್ಕದ ಅಳತೆಯನ್ನೂ ಓದಿಸಿ.

ಹಳೆಯ ಚೀಟಿಗಳನ್ನೆಲ್ಲ ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿಡಿ. ಮಡಗಾಂವ್‌ನ ದಕ್ಷಿಣ ಗೋವಾ ಜಿಲ್ಲಾಸ್ಪತ್ರೆಗೆ ಹೋಗಲಿ, ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೆ ಹೋಗಲಿ, ಫೈಲು ಜತೆಗಿರಲಿ. ಸಿಆರ್‌ಪಿ ಇಳಿದರೂ ವೈದ್ಯರು ಹೇಳುವವರೆಗೆ ಮಾತ್ರೆ ನಿಲ್ಲಿಸಬೇಡಿ, ಊರ ಜಾತ್ರೆಗೆ ಹೋದಾಗಲೂ!