ಹಳೆಯ ಸುರಂಗದ ಬಾವಲಿಗಳು

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ರಾಷ್ಟ್ರೀಯ ಉದ್ಯಾನಗಳಲ್ಲದೆ, ಒಂದೊಂದು ರಾಜ್ಯವೂ ತಾನೇ ನಡೆಸುವ ರಾಜ್ಯೋದ್ಯಾನಗಳೂ ಇವೆ. ಅಲ್ಲಿಯ ರೇಂಜರುಗಳ ಕೆಲಸ ಬರಿಯ ಕಾವಲಿಗೆ ಮುಗಿಯುವುದಿಲ್ಲ. ಬಂದವರನ್ನು ಗುಂಪುಗೂಡಿಸಿ ಕಾಲ್ನಡಿಗೆಯಲ್ಲಿ ಕರೆದೊಯ್ದು, ಗಿಡಮರಗಳನ್ನೂ ಪ್ರಾಣಿಗಳನ್ನೂ ಅವು ಇರುವ ಎಡೆಯಲ್ಲಿಯೇ ತೋರಿಸಿ ವಿವರಿಸುವುದೂ ಅವರ ಕರ್ತವ್ಯ. ಇಂಥ ಕಾರ್ಯಕ್ರಮಗಳಲ್ಲಿ ಭೌತವಿಜ್ಞಾನದ ವಿದ್ಯಾರ್ಥಿಗೆ ಅತ್ಯಂತ ಸ್ವಾರಸ್ಯವಾದುದು ಬಾವಲಿಗಳ ಸಂಜೆಯೆಂದು ನಮ್ಮ ಅಭಿಪ್ರಾಯ.

ಟೆಕ್ಸಾಸ್ ರಾಜ್ಯದ ಫ್ರೆಡರಿಕ್ಸ್‌ಬರ್ಗ್ ಪಟ್ಟಣದ ಸಮೀಪದಲ್ಲಿ 'ಓಲ್ಡ್ ಟನಲ್', ಎಂದರೆ 'ಹಳೆಯ ಸುರಂಗ' ಎಂಬ ರಾಜ್ಯೋದ್ಯಾನವಿದೆ. ವಿಸ್ತೀರ್ಣ ಸುಮಾರು 16 ಎಕರೆ; ಆ ರಾಜ್ಯದ ಉದ್ಯಾನಗಳಲ್ಲೆಲ್ಲ ಇದೇ ಚಿಕ್ಕದು. ರೈಲುಮಾರ್ಗಕ್ಕಾಗಿ ಗುಡ್ಡವನ್ನು ಕೊರೆದು 1913ರಲ್ಲಿ ಮುಗಿಸಿದ 920 ಅಡಿ ಉದ್ದದ ಸುರಂಗವೇ ಇಲ್ಲಿಯ ವಿಶೇಷ. 1942ರಲ್ಲಿ ರೈಲು ನಿಂತುಹೋಯಿತು. ಮನುಷ್ಯ ಬಿಟ್ಟ ಕತ್ತಲೆಯನ್ನು ಬಾವಲಿಗಳು ಹಿಡಿದುವು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಇಲ್ಲಿ ಒಮ್ಮೊಮ್ಮೆ 30 ಲಕ್ಷದಷ್ಟು ಮೆಕ್ಸಿಕೋ ಜಾತಿಯ ಬಾವಲಿಗಳು ತಂಗುವುದುಂಟು. ಒಂದರ ತೂಕ ಸುಮಾರು 12 ಗ್ರಾಂ. ವಾಚಕರು ಗುಣಿಸಿ ನೋಡಬಹುದು: ಎಲ್ಲವೂ ಒಟ್ಟಿಗೆ ಹೊರಟ ಸಂಜೆ ಆಕಾಶಕ್ಕೆ ಏರುವುದು 36 ಟನ್ ಬಾವಲಿ!

ಹೊತ್ತು ಮುಳುಗುವ ಮೊದಲೇ ಜನರು ಬಂದು ಕುಳಿತಿರುತ್ತಾರೆ. ರೇಂಜರು ಮೊದಲು ಕಟ್ಟುಪಾಡುಗಳನ್ನು ತಿಳಿಸುತ್ತಾರೆ. ಗದ್ದಲ ಕೂಡದು, ಕ್ಯಾಮೆರಾದ ಮಿಂಚುದೀಪ ಕೂಡದು, ಸುರಂಗದೊಳಕ್ಕೆ ಯಾರೂ ಹೋಗಕೂಡದು. ನೆಲಕ್ಕೆ ಬಿದ್ದ ಬಾವಲಿಯನ್ನಂತೂ ಮುಟ್ಟಲೇಬಾರದು. ಅದಕ್ಕೆ ರೇಬಿಸ್ ರೋಗ ತಗಲಿರಬಹುದು. ಅಷ್ಟರಲ್ಲಿ ಸುರಂಗದ ಬಾಯಿಂದ ಬಾವಲಿಗಳು ಹೊರಬಂದು, ಸುಳಿಸುಳಿಯಾಗಿ ಮೇಲೇರಿ, ಹೊಗೆಯ ಪಟ್ಟಿಯಂತೆ ದೂರ ಸಾಗುತ್ತವೆ. ಹವಾಮಾನದ ರೇಡಾರಿನಲ್ಲಿಯೂ ಇಂಥ ಹಿಂಡುಗಳು ಮೋಡದಂತೆ ಮೂಡುವುದುಂಟು.

ರೆಕ್ಕೆಗಳ ಸದ್ದನ್ನು ಬಿಟ್ಟರೆ ಕೇಳುವುದು ಅತ್ಯಲ್ಪ. ಆದರೆ ಅವು ಎಡೆಬಿಡದೆ ಕೂಗುತ್ತಲೇ ಇರುತ್ತವೆ! ಬಯಲಿನಲ್ಲಿ ಬೇಟೆಯನ್ನು ಅರಸುವಾಗ ಈ ಜಾತಿಯ ಕೂಗಿನ ಆವೃತ್ತಿ ಸೆಕೆಂಡಿಗೆ ಸುಮಾರು 25,000 ಕಂಪನಗಳು. ನಮ್ಮ ಕಿವಿಯ ಮಿತಿ 20,000. ಆದುದರಿಂದ ಬಾವಲಿಗಳನ್ನು ತೋರಿಸುವ ರೇಂಜರುಗಳು ಅನೇಕ ಕಡೆ ಅಂಗೈಯಗಲದ ಒಂದು ಶೋಧಕವನ್ನು ಹಿಡಿದಿರುತ್ತಾರೆ. ತರಗತಿಯಲ್ಲಿ 256 ಮತ್ತು 260 ಆವೃತ್ತಿಗಳ ಶ್ರುತಿಕವೆಗಳನ್ನು ಒಟ್ಟಿಗೆ ನುಡಿಸಿದರೆ ಧ್ವನಿಯು ಸೆಕೆಂಡಿಗೆ 4 ಬಾರಿ ಏರಿಳಿಯುವುದನ್ನು ವಿದ್ಯಾರ್ಥಿಗಳು ಕೇಳಿರುತ್ತಾರೆ. (ಪರೀಕ್ಷೆ ಮುಗಿದೊಡನೆ ಮರೆತಿರುತ್ತಾರೆ ಕೂಡ.) ಶೋಧಕದ ತತ್ತ್ವ ಇದಕ್ಕೆ ಹತ್ತಿರದ್ದೇ. ಅದು ಒಳಗೆ 24,000 ಆವೃತ್ತಿಯ ವಿದ್ಯುತ್ ಕಂಪನವನ್ನು ಹುಟ್ಟಿಸಿ ಬಾವಲಿಯ 25,000ದೊಡನೆ ಬೆರೆಸುತ್ತದೆ. ವ್ಯತ್ಯಾಸವಾದ 1,000 ಮಾತ್ರ ಸ್ಪೀಕರಿನಿಂದ ಟಿಕ್ ಟಿಕ್ ಎಂದು ಹೊರಬರುತ್ತದೆ.

ಅಷ್ಟು ಹೆಚ್ಚಿನ ಆವೃತ್ತಿ ಏತಕ್ಕೆ? ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರು. ಇದನ್ನು 25,000ದಿಂದ ಭಾಗಿಸಿದರೆ ತರಂಗದೂರ 1.4 ಸೆಂಟಿಮೀಟರಿನಷ್ಟು ಬರುತ್ತದೆ. ಇದು ಹೆಚ್ಚುಕಡಿಮೆ ಒಂದು ಪತಂಗದ ಗಾತ್ರ. ನಮ್ಮ ಮಾತಿನಂಥ 1,000 ಆವೃತ್ತಿಯ ಧ್ವನಿಯಾದರೋ 34 ಸೆಂಟಿಮೀಟರಿನ ಅಲೆ. ಅದು ಸಣ್ಣ ಪತಂಗವನ್ನು ಬಳಸಿಕೊಂಡು ಮುಂದೆ ಹೋಗುವುದೇ ಹೊರತು ಗುರುತಾಗುವಷ್ಟು ಮರಳಿ ಬರುವುದಿಲ್ಲ. 3.4 ಮೀಟರು ದೂರದ ಬೇಟೆಯಿಂದ ಪ್ರತಿಧ್ವನಿ ಮರಳಲು ಸೆಕೆಂಡಿನ 50ರಲ್ಲಿ ಒಂದು ಪಾಲು ಬೇಕು. ಹತ್ತಿರವಾದಂತೆಲ್ಲ ಉತ್ತರ ಬೇಗನೆ ಬರುವುದರಿಂದ ಬಾವಲಿಯೂ ಬೇಗಬೇಗನೆ ಪ್ರಶ್ನೆ ಕೇಳಬಲ್ಲದು. ಸೆಕೆಂಡಿಗೆ ಹತ್ತರಷ್ಟಿದ್ದ ಕೂಗು ಹಿಡಿಯುವ ಕ್ಷಣದಲ್ಲಿ ನೂರನ್ನು ಮೀರುತ್ತದೆ. ಆಗ ಶೋಧಕದಲ್ಲಿ ಟಿಕ್ ಟಿಕ್ ಹೋಗಿ ಗುರ್ರೆಂಬ ಸದ್ದು ಕೇಳುವುದು. ಪತಂಗವನ್ನೇ ಗುರಿತಪ್ಪದೆ ಹಿಡಿಯುವ ಪ್ರಾಣಿ ಮನುಷ್ಯನ ತಲೆಗೂದಲಿಗೆ ಸಿಕ್ಕಿಕೊಳ್ಳುವುದೆಂಬ ಭಯಕ್ಕೆ ಅರ್ಥವಿಲ್ಲ.

ಈ ರಹಸ್ಯ ಹೊರಬೀಳಲು ಬಹುಕಾಲ ಹಿಡಿಯಿತು. 1790ರ ದಶಕದಲ್ಲಿ ಇಟಲಿಯ ಸ್ಪಲ್ಲಾಂಜಾನಿ, ಕಣ್ಣಿಲ್ಲದ ಬಾವಲಿಯೂ ಅಡೆತಡೆಗಳನ್ನು ತಪ್ಪಿಸಿ ಹಾರುವುದನ್ನು ಕಂಡನು. ಕಿವಿ ಮುಚ್ಚಿದರೆ ಅದು ದಾರಿ ತಪ್ಪುವುದನ್ನು ಜಿನೀವಾದ ಜ್ಯೂರಿನ್ ತೋರಿಸಿದನು. ಇವರನ್ನು ನಂಬಿದವರು ಕಡಿಮೆ. 1938ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಗ್ರಿಫಿನ್ ಎಂಬ ವಿದ್ಯಾರ್ಥಿಯು ಬಾವಲಿಗಳನ್ನು ಭೌತವಿಜ್ಞಾನಿ ಪಿಯರ್ಸ್ ಅವರ ಬಳಿಗೆ ಒಯ್ದನು. ಅವರ ಶ್ರವಣಾತೀತ ಧ್ವನಿಗ್ರಾಹಕವು ಆ ಕೂಗನ್ನು ಕೂಡಲೇ ಹಿಡಿಯಿತು. ಪ್ರಾಣಿಶಾಸ್ತ್ರದ ಪ್ರಶ್ನೆಗೆ ಉತ್ತರ ಪಕ್ಕದ ವಿಭಾಗದ ಮೇಜಿನ ಮೇಲಿತ್ತು!

ಟೆಕ್ಸಾಸಿನ ರೈತರಿಗೆ ಈ ವಿಷಯ ಕುತೂಹಲಕ್ಕಿಂತ ಹೆಚ್ಚಿನದು. ಹತ್ತಿಯ ಕಾಯಿಯನ್ನು ಕೊರೆಯುವ ಹುಳುವಿನ ಪತಂಗವೇ ಈ ಬಾವಲಿಗಳ ಆಹಾರಗಳಲ್ಲೊಂದು. ಅಲ್ಲಿಯ ದಕ್ಷಿಣ-ಮಧ್ಯ ಪ್ರದೇಶದ ಹತ್ತಿಯ ಹೊಲಗಳಿಗೆ ಬಾವಲಿಗಳಿಂದಾಗುವ ಲಾಭ ವರ್ಷಕ್ಕೆ ಸುಮಾರು 7 ಲಕ್ಷ 40 ಸಾವಿರ ಡಾಲರೆಂದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಆದರೆ ತಾಯಿ ಬಾವಲಿ ವರ್ಷಕ್ಕೆ ಹೆರುವುದು ಸಾಮಾನ್ಯವಾಗಿ ಒಂದೇ ಮರಿ. ಹೋದ ಸಂಖ್ಯೆ ಬೇಗನೆ ತುಂಬುವುದಿಲ್ಲ. 2006ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಮೊದಲು ಕಂಡ 'ಬಿಳಿಮೂಗು' ಎಂಬ ಶಿಲೀಂಧ್ರರೋಗವು ಗುಹೆಗಳಲ್ಲಿ ಚಳಿಗಾಲ ನಿದ್ರಿಸುವ ಬೇರೆ ಜಾತಿಗಳ ಲಕ್ಷಾಂತರ ಬಾವಲಿಗಳನ್ನು ಕೊಂದಿದೆ. ಆ ಶಿಲೀಂಧ್ರ ಮನುಷ್ಯರ ಪಾದರಕ್ಷೆ ಬಟ್ಟೆಗಳಿಗೆ ಅಂಟಿಕೊಂಡು ಗುಹೆಯಿಂದ ಗುಹೆಗೆ ಸಾಗಬಲ್ಲದು. ರೇಂಜರು ಎಲ್ಲರನ್ನೂ ಸುರಂಗದ ಹೊರಗೇ ಕೂರಿಸುವುದು ಕೇವಲ ಶಿಸ್ತಿಗಾಗಿ ಅಲ್ಲ.

ಅಕ್ಟೋಬರ್ ಕಳೆಯುತ್ತಲೂ ಸುರಂಗದ ಬಾವಲಿಗಳಲ್ಲಿ ಹೆಚ್ಚಿನವು ಮೆಕ್ಸಿಕೋ ಕಡೆಗೆ ವಲಸೆ ಹೋಗುತ್ತವೆ. ಸಂಜೆಯ ಕಾರ್ಯಕ್ರಮವೂ ಮುಂದಿನ ಮೇ ತಿಂಗಳವರೆಗೆ ನಿಲ್ಲುತ್ತದೆ.