ಉದ್ಯಮಸಂಸ್ಥೆಗಳ ಅಹವಾಲು ಮತ್ತು ಹವಾಮಾನ ನೀತಿ

ತಿರುಮಕೂಡಲು ನರಸೀಪುರದ ಸಂಗಮದಲ್ಲಿ ಕಾವೇರಿಯೂ ಕಪಿಲೆಯೂ ಕಣ್ಣಿಗೆ ಕಾಣುತ್ತವೆ. ಮೂರನೆಯದಾದ ಸ್ಫಟಿಕ ಸರೋವರವು ಗುಪ್ತವಾಗಿದೆಯೆಂಬುದು ಭಕ್ತರ ನಂಬಿಕೆ. ಕ್ಷೇತ್ರದಲ್ಲಿ ಗುಪ್ತವಾದುದು ಪೂಜ್ಯ. ಆದರೆ ರಾಜ್ಯನೀತಿಯಲ್ಲಿ ಗುಪ್ತವಾಗಿ ಬಂದು ಸೇರುವ ಪ್ರಭಾವವು ಪ್ರಜೆಗಳಿಗೆ ಹಿತಕರವಲ್ಲ. ಉದ್ಯಮಸಂಸ್ಥೆಗಳು ತಮಗೆ ಅನುಕೂಲವಾದ ಕಾಯಿದೆಗಾಗಿ ಸರಕಾರದ ಮೇಲೆ ಬೀರುವ ಪ್ರಭಾವಕ್ಕೆ ಇಂದು ‘ಲಾಬಿ’ ಎಂದು ಹೆಸರು.

ಅಹವಾಲು ಹೇಳಿಕೊಳ್ಳುವುದು ದೋಷವಲ್ಲ. ನಾಲೆಗೆ ನೀರು ಬಿಡಿಸಿರೆಂದು ರೈತನೂ ಕೇಳುತ್ತಾನೆ. ಆದರೆ ಅವನು ತಾಲ್ಲೂಕು ಕಚೇರಿಯ ಮುಂದೆ ಎಲ್ಲರೆದುರಿನಲ್ಲಿ ಕೇಳುತ್ತಾನೆ. ದೊಡ್ಡ ಕಂಪನಿಯ ಬೇಡಿಕೆಯಾದರೋ ವಾಣಿಜ್ಯ ಸಂಘದ ಹೆಸರಿನಲ್ಲಿ ಮುಚ್ಚಿದ ಬಾಗಿಲಿನೊಳಗೆ ಸಲ್ಲಬಹುದು. ಭೇದವಿರುವುದು ಇಲ್ಲಿಯೇ.

ಹವಾಮಾನದ ವಿಷಯದಲ್ಲಿ ಈ ಭೇದವು ಅಲ್ಪವಲ್ಲ. 2019ರ ಆಗಸ್ಟ್‌ನಲ್ಲಿ ವಯನಾಡಿನ ಮಳೆಯಿಂದ ಕಪಿಲೆ ಉಕ್ಕಿ, ನಂಜನಗೂಡಿನ ತಗ್ಗುಪ್ರದೇಶದ ಮನೆಗಳಿಗೆ ನೀರು ನುಗ್ಗಿತು. ಮಲ್ಲನಮೂಲೆ ಮಠದ ಬಳಿ ಊಟಿ ರಸ್ತೆ ಮುಳುಗಿತು. ಒಂದು ನೆರೆಗೆ ಒಂದೇ ಕಾರಣವನ್ನು ಹೇಳಲಾಗದು. ಆದರೂ ಕಲ್ಲಿದ್ದಲು, ತೈಲಗಳ ಹೊಗೆಯಿಂದ ಕಾದ ಗಾಳಿಯು ಹೆಚ್ಚು ನೀರಾವಿಯನ್ನು ಹಿಡಿದಿಡುವುದರಿಂದ ಬಿರುಮಳೆಗಳು ಹೆಚ್ಚುತ್ತವೆಂಬುದು ವಿಜ್ಞಾನದ ನಿರ್ಣಯ. ಹೊಗೆಯನ್ನು ಮಿತಿಗೊಳಿಸುವ ನಿಯಮವು ಸಡಿಲವಾದರೆ, ಅದರ ಫಲವನ್ನು ಉಣ್ಣುವವರು ಹೊಳೆಯಂಚಿನವರು. ಸಡಿಲಿಸಿರೆಂದು ಕೇಳಿದವರು ಯಾರೆಂಬುದು ಅವರಿಗೆ ತಿಳಿಯುವುದೇ ಇಲ್ಲ.

ನಮ್ಮ ದೇಶದಲ್ಲಿ ಲಾಬಿಗೆಂದೇ ಪ್ರತ್ಯೇಕ ಕಾಯಿದೆಯಿಲ್ಲ; ಅಮೆರಿಕದಲ್ಲಿ 1995ರಲ್ಲಿಯೇ ಅಂಥದೊಂದು ಬಂದಿತು. ಆದರೂ ಒಂದು ಮೆಟ್ಟಿಲು ಏರಿದ್ದೇವೆ. ಕೇಂದ್ರ ಸರಕಾರವು 2019ರಲ್ಲಿ ಉದ್ಯಮಗಳಿಗೆ ಒಂಬತ್ತು ತತ್ತ್ವಗಳನ್ನು ಸೂಚಿಸಿತು. ಸರಕಾರದ ನೀತಿಯ ಮೇಲೆ ಪ್ರಭಾವ ಬೀರುವಾಗ ಹೊಣೆಯರಿತು, ಪಾರದರ್ಶಕವಾಗಿ ನಡೆಯಬೇಕೆಂಬುದು ಏಳನೆಯ ತತ್ತ್ವ. ಸೆಬಿಯ 2021ರ ಸುತ್ತೋಲೆಯಂತೆ ಷೇರುಪೇಟೆಯ ಮೊದಲ 1000 ಕಂಪನಿಗಳು 2022–23ರಿಂದ ಈ ತತ್ತ್ವಗಳ ಕುರಿತು ವರ್ಷವರ್ಷವೂ ವರದಿಯೊಪ್ಪಿಸಬೇಕು. ತಾವು ಯಾವ ವಾಣಿಜ್ಯ ಸಂಘಗಳ ಸದಸ್ಯರೆಂಬುದನ್ನು ಹೇಳುವುದು ಕಡ್ಡಾಯ; ಯಾವ ನೀತಿಗಾಗಿ ವಾದಿಸಿದೆವೆಂಬುದನ್ನು ಹೇಳುವುದು ಐಚ್ಛಿಕ. ಪಂಚಾಯಿತಿಗೆ ಹೋಗಿದ್ದೆನೆಂದು ಒಪ್ಪಿ, ಅಲ್ಲಿ ಆಡಿದ ಮಾತನ್ನು ಮರೆಮಾಡಿದಂತಾಯಿತು ಇದು.

2025ರ ಏಪ್ರಿಲ್‌ನಲ್ಲಿ ಕೇಂದ್ರವು ಸಿಮೆಂಟು, ಅಲ್ಯುಮಿನಿಯಂ, ಕಾಗದ ಮೊದಲಾದ ಉದ್ಯಮಗಳ ಹೊಗೆಯ ಪ್ರಮಾಣಕ್ಕೆ ಗುರಿಯನ್ನು ಗೊತ್ತುಪಡಿಸುವ ಕರಡನ್ನು ಪ್ರಕಟಿಸಿ, ಅಕ್ಟೋಬರ್‌ನಲ್ಲಿ ನಿಯಮವನ್ನು ಅಂತಿಮಗೊಳಿಸಿತು. ಕರಡು ಪ್ರತಿಗೂ ಅಂತಿಮ ನಿಯಮಕ್ಕೂ ನಡುವೆ ಯಾರು ಏನನ್ನು ಬೇಡಿದರೆಂಬುದು ಪ್ರಜೆಗಳಿಗೆ ತಿಳಿಯಬೇಕಾದ ಸಂಗತಿ. ಇಂಥ ಪತ್ರಗಳನ್ನು ಕೇಳಲು 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಬಂದ ಅಹವಾಲುಗಳನ್ನೆಲ್ಲ ಸರಕಾರವು ತಾನಾಗಿಯೇ ಪ್ರಕಟಿಸುವುದೂ, ಐಚ್ಛಿಕವಾದುದನ್ನು ಕಡ್ಡಾಯಗೊಳಿಸುವುದೂ ಮುಂದಿನ ಮೆಟ್ಟಿಲುಗಳು.

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಷೇರುಪೇಟೆಯ ಕಂಪನಿಗಳ ಕಾರ್ಖಾನೆಗಳೂ ಇವೆ. ಅಂಥ ಕಂಪನಿಗಳ ವಾರ್ಷಿಕ ವರದಿ ಯಾರಿಗೂ ದೊರೆಯುತ್ತದೆ. ವಿದ್ಯಾರ್ಥಿಗಳು ಅದನ್ನು ತೆರೆದು, ಹಸಿರು ಹವಾಮಾನದ ಬಗ್ಗೆ ಕಂಪನಿಯಾಡಿದ ನುಡಿಗೂ ಅದು ಸೇರಿರುವ ಸಂಘದ ನಡೆಗೂ ಹೊಂದಿಕೆಯುಂಟೇ ಎಂದು ಪರಿಶೀಲಿಸಬೇಕು. ಸಂಗಮದ ಮೂರನೆಯ ತೀರ್ಥವು ಗುಪ್ತವಾದರೂ ಅದರ ಹೆಸರು ಸ್ಫಟಿಕ. ರಾಜ್ಯನೀತಿಗೆ ಬೇಕಾದುದು ಆ ಗುಪ್ತತೆಯಲ್ಲ, ಆ ನಿರ್ಮಲತೆ.