ಮೂಲೆಹೊಳೆ ದಾಟಿದರೆ ಹುಳಿ ಮಣ್ಣು

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೊರಟ ಬಸ್ಸು ಬಂಡೀಪುರದ ಕಾಡು ಹೊಕ್ಕು ಮೂಲೆಹೊಳೆಯ ಬಳಿ ಕೇರಳ ಸೇರುತ್ತದೆ. ಪ್ರಯಾಣಿಕರ ಕಣ್ಣೆಲ್ಲ ಕಿಟಕಿಯಾಚೆ ಆನೆ ಹುಡುಕುವುದರಲ್ಲೇ. ಕಾಲಡಿಯ ನೆಲವೂ ಇದೇ ದಾರಿಯಲ್ಲಿ ಗುಣ ಬದಲಿಸುವುದನ್ನು ಗಮನಿಸುವವರು ಕಡಿಮೆ. ಕಾಡಿನಾಚೆ ವಯನಾಡಿನ ಹುಳಿ ಗದ್ದೆಗಳಲ್ಲಿ ಭತ್ತಕ್ಕೆ ಕಬ್ಬಿಣ ಹೆಚ್ಚಾಗಿ ನಂಜೇರುತ್ತದೆ. ಈಚೆ ಚಾಮರಾಜನಗರದ ಕಪ್ಪು ನೆಲದಲ್ಲಿ ಅದೇ ಭತ್ತಕ್ಕೆ ಸತುವಿನ ಹಸಿವು.

ಎಲ್ಲಕ್ಕೂ ಮೂಲ ಮಳೆ. ವಯನಾಡು, ನೀಲಗಿರಿಯ ಬೆಟ್ಟಗಳು ಮುಂಗಾರು ಮೋಡವನ್ನು ಹಿಂಡಿಕೊಂಡು ಮಿಕ್ಕಿದ್ದನ್ನಷ್ಟೇ ಗುಂಡ್ಲುಪೇಟೆಗೆ ಬಿಡುತ್ತವೆ. ಅಲ್ಲಿ ವರ್ಷಕ್ಕೆ 2,000 ಮಿ.ಮೀ. ದಾಟುವ ಮಳೆ ಇಲ್ಲಿ 700ರ ಆಸುಪಾಸು. ಅಷ್ಟು ನೀರು ಸಾವಿರಾರು ವರ್ಷ ಇಳಿದ ನೆಲದಿಂದ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದುಕೊಳ್ಳುತ್ತವೆ. ಮಣ್ಣು ಹುಳಿಯಾಗುವುದು ಹೀಗೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಫ್ರಾನ್ಸಿನ ವಿಜ್ಞಾನಿಗಳ ಜೊತೆಗೂಡಿ ಮಣ್ಣು-ನೀರಿನ ಲೆಕ್ಕ ಹಿಡಿಯಲು ಆರಿಸಿಕೊಂಡದ್ದೂ ಮೂಲೆಹೊಳೆಯನ್ನೇ. ಕಾಡಿನೊಳಗೆ ಸುಮಾರು 4 ಚದರ ಕಿ.ಮೀ. ಜಾಗ, ಮಳೆ 1,100 ಮಿ.ಮೀ.ನಷ್ಟು; ಅತ್ತ ವಯನಾಡೂ ಅಲ್ಲ, ಇತ್ತ ಗುಂಡ್ಲುಪೇಟೆಯೂ ಅಲ್ಲ. ಅಲ್ಲಿ ಇಳಿಜಾರಿನಲ್ಲಿ ಕೆಮ್ಮಣ್ಣು, ತಗ್ಗಿನಲ್ಲಿ ಕಪ್ಪು ಮಣ್ಣು, ಜೊತೆಗೆ ಸುಣ್ಣದ ಗಂಟುಗಳು. ಇನ್ನೂ ಪೂರ್ವಕ್ಕೆ, ಒಣ ಸೀಮೆಗೆ ಬಂದಷ್ಟೂ ಸುಣ್ಣ ತೊಳೆದುಹೋಗದೆ ಮಣ್ಣಲ್ಲೇ ತಂಗುತ್ತದೆ.

ಮಣ್ಣಿನ ಹುಳಿಯನ್ನು ಅಳೆಯುವ ಅಂಕಿಗೆ ರಸಸಾರವೆಂದು ಹೆಸರು. 7 ಎಂದರೆ ಹದ. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರಿತೆಂದು ಅರ್ಥ. 5.5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಮೊಂಡು ಮಾಡುತ್ತದೆ. ಕಾಸು ಕೊಟ್ಟು ಹಾಕಿದ ಗೊಬ್ಬರದ ರಂಜಕವನ್ನೂ ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ.

ಭತ್ತದ ಕಥೆ ಮಾತ್ರ ಬೇರೆ. ಗದ್ದೆಗೆ ನೀರು ಕಟ್ಟಿದ ಒಂದೆರಡು ದಿನಗಳಲ್ಲಿ ಕೆಸರಿನ ಆಮ್ಲಜನಕ ಮುಗಿಯುತ್ತದೆ. ಉಸಿರಾಡಲು ಬೇರೆ ದಾರಿ ಹುಡುಕುವ ಸೂಕ್ಷ್ಮಜೀವಿಗಳು ನೈಟ್ರೇಟು, ಮ್ಯಾಂಗನೀಸು ಮುಗಿಸಿ ಕಡೆಗೆ ಕಬ್ಬಿಣದ ತುಕ್ಕಿಗೆ ಕೈಹಾಕುತ್ತವೆ. ಆ ಕೆಲಸದಲ್ಲಿ ಹುಳಿ ತಾನಾಗಿ ತಗ್ಗಿ, ಕೆಲವೇ ವಾರಗಳಲ್ಲಿ ರಸಸಾರ 7ರ ಹತ್ತಿರ ಬರುತ್ತದೆ. ಅಲ್ಯೂಮಿನಿಯಂ ಕಾಟ ಅಲ್ಲಿಗೆ ಮುಗಿಯಿತು. ಆದರೆ ಕರಗದೆ ಕೂತಿದ್ದ ಕಬ್ಬಿಣ ಈಗ ನೀರಿಗಿಳಿದಿರುತ್ತದೆ! ಫಿಲಿಪೈನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿದ್ದ ಶ್ರೀಲಂಕಾ ಮೂಲದ ವಿಜ್ಞಾನಿ ಫೆಲಿಕ್ಸ್ ಪೊನ್ನಂಪೆರುಮ 1972ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕೆಸರಿನ ರಸಾಯನವನ್ನು ಬಿಡಿಸಿಟ್ಟಿತು.

ಭತ್ತದ ಬೇರು ತನ್ನ ಸುತ್ತ ಗಾಳಿ ಬಿಟ್ಟು ಕಬ್ಬಿಣವನ್ನು ಹೊರಗೇ ತುಕ್ಕಾಗಿಸಿ ತಡೆಯುತ್ತದೆ. ಕಿತ್ತ ಪೈರಿನ ಬೇರು ಕೆಂಪಗಿರುವುದು ಅದಕ್ಕೇ. ಪೊಟ್ಯಾಷ್, ರಂಜಕ ಸಾಲದೆ ಸೊರಗಿದ ಪೈರಿಗೆ ಆ ಶಕ್ತಿ ಇರುವುದಿಲ್ಲ. ಕೆಳಗಿನ ಹಳೆಯ ಎಲೆಗಳ ತುದಿಯಿಂದ ಕಂದು ಚುಕ್ಕೆ ಹಬ್ಬಿ ಎಲೆ ಕಂಚಿನ ಬಣ್ಣಕ್ಕೆ ತಿರುಗುತ್ತದೆ. ಗುಡ್ಡದ ಒಸರು ಬಂದು ಸೇರುವ ತಗ್ಗು ಗದ್ದೆಗಳಲ್ಲಿ ಇದು ಹೆಚ್ಚು. ನೀರು ಬಸಿದು ಕೆಲದಿನ ಗದ್ದೆ ಆರಲು ಬಿಡುವುದು, ಸುಣ್ಣ, ಪೊಟ್ಯಾಷ್ ಕೊಡುವುದು ಅಲ್ಲಿನ ಮದ್ದು.

ತೊಡಕು ಇರುವುದು ಆ ಮದ್ದು ಗಡಿ ದಾಟುವಾಗ. ಶುಂಠಿ ಬೆಳೆಯಲು ಕೇರಳದವರು ಇತ್ತ ಜಮೀನು ಗುತ್ತಿಗೆ ಹಿಡಿಯುವುದು ಹಳೆಯ ಸಂಗತಿ. ಜಮೀನಿನ ಜೊತೆ ಸಲಹೆಯೂ ಕೈ ಬದಲಾಗುತ್ತದೆ. ಸುಣ್ಣವೇ ತುಂಬಿದ ಕಪ್ಪು ನೆಲಕ್ಕೆ ಮತ್ತೆ ಸುಣ್ಣ ಸುರಿದರೆ ಸತು ಇನ್ನಷ್ಟು ಸಿಗದಾಗುತ್ತದೆ. ನಾಟಿಯಾದ ಎರಡು-ಮೂರು ವಾರಕ್ಕೆ ಎಲೆಯಲ್ಲಿ ತುಕ್ಕಿನ ಬಣ್ಣದ ಮಚ್ಚೆ, ಕುಳ್ಳಾದ ಪೈರು: ಉತ್ತರ ಭಾರತದಲ್ಲಿ ಇದಕ್ಕೆ ಖೈರಾ ಎನ್ನುತ್ತಾರೆ. ಸತುವಿನ ಕೊರತೆಯೇ ಇದಕ್ಕೆ ಕಾರಣವೆಂದು ಪಂತನಗರದಲ್ಲಿ ವಿಜ್ಞಾನಿ ವೈ. ಎಲ್. ನೆನೆ 1966ರಲ್ಲಿ ತೋರಿಸಿದರು. ಕಂದು ಎಲೆಯಷ್ಟನ್ನೇ ನೋಡಿದರೆ ಕಬ್ಬಿಣದ ನಂಜಿಗೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟ. ಇಲ್ಲಿ ಬೇಕಾದದ್ದು ಎಕರೆಗೆ ಸುಮಾರು 10 ಕಿಲೊ ಸತುವಿನ ಸಲ್ಫೇಟು, ಅದೂ ಡಿಎಪಿ ಜೊತೆ ಬೆರೆಸದೆ. ಕಾಲುವೆ ನೀರು ನಿಂತು ಚೌಳಾದ ನೆಲಕ್ಕೆ ಜಿಪ್ಸಂ. ಸುಣ್ಣ, ಜಿಪ್ಸಂ ಎರಡೂ ಬಿಳಿ ಪುಡಿಯೇ, ಕೆಲಸ ಬೇರೆ.

ಹಾಗೆಂದು ಜಿಲ್ಲೆಯ ನೆಲವೆಲ್ಲ ಒಂದೇ ಅಲ್ಲ. ಅಮೋನಿಯಾ ಗೊಬ್ಬರ, ಯೂರಿಯಾ ವರ್ಷಗಟ್ಟಲೆ ಉಂಡ ಮರಳುಮಿಶ್ರಿತ ಕೆಮ್ಮಣ್ಣು ಇಲ್ಲೂ ಹುಳಿಯತ್ತ ಜಾರಬಲ್ಲದು. ಬಣ್ಣ ನೋಡಿ ಹೇಳುವ ಮಾತಲ್ಲ ಅದು. 2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರ, ಸತು, ಕಬ್ಬಿಣ ಸೇರಿ 12 ಅಂಶಗಳಿರುತ್ತವೆ. ಚಾಮರಾಜನಗರದ ರೈತರು ಸಲಹೆ ಕೇಳಲು ಹರದನಹಳ್ಳಿ ಫಾರಂನ ಕೃಷಿ ವಿಜ್ಞಾನ ಕೇಂದ್ರವಿದೆ. ಗದ್ದೆಯ ಹತ್ತಾರು ಕಡೆ ಅರ್ಧ ಅಡಿ ಆಳಕ್ಕೆ ಇಂಗ್ಲಿಷಿನ 'ವಿ' ಆಕಾರದಲ್ಲಿ ಗುಂಡಿ ತೋಡಿ, ಬದು, ತಿಪ್ಪೆ, ಮರದ ನೆರಳು ಬಿಟ್ಟು, ಬೆರೆಸಿದ ಮಣ್ಣಿನಿಂದ ಅರ್ಧ ಕಿಲೊ ಒಯ್ದರೆ ಸಾಕು. ನೀರು ನಿಂತ ಕೆಸರನ್ನು ಮಾತ್ರ ಚೀಲಕ್ಕೆ ತುಂಬಬಾರದು: ಹುಳಿ ಆಗಲೇ ತಗ್ಗಿರುತ್ತದೆ. ಮಾದರಿ ತೆಗೆಯಬೇಕಾದದ್ದು ಕೊಯ್ಲಾಗಿ ಗದ್ದೆ ಒಣಗಿದ ಮೇಲೆ.